ಸತ್ತಿತೆಂದು ಸಾರುವ ಕಾಲಜ್ಞಾನಿಗಳಿಗೆ

ಕಾಲಜ್ಞಾನ ನಮ್ಮ ಸೀಮೆಗೆ ಹೊಸದಲ್ಲ. ಸುರಪುರ ಸೀಮೆಯ ಕೊಡೇಕಲ್ಲಿನ ಬಸವಣ್ಣನವರ ಹೆಸರಿನಲ್ಲಿ ಕಾಲಜ್ಞಾನದ ವಚನಗಳು ಶತಮಾನಗಳಿಂದ ಉಳಿದುಬಂದಿವೆ. ಅವನ್ನು ಭಕ್ತಿಯಿಂದ ಓದುವವರು ಇಂದಿಗೂ ಇದ್ದಾರೆ. ಆ ಪರಂಪರೆಯ ಬಗ್ಗೆ ನನಗೆ ಗೌರವವಿದೆ. ನನ್ನ ತಕರಾರು ಬೇರೊಂದು ಕಾಲಜ್ಞಾನದ ಮೇಲೆ. ದೀಪಾವಳಿಗೋ ಯುಗಾದಿಗೋ ಬೆಂಗಳೂರಿನಿಂದ ಊರಿಗೆ ಬರುವ ನಮ್ಮ ತಂತ್ರಾಂಶ ತರುಣರು ಅದನ್ನು ಚೀಲದಲ್ಲಿ ಹೊತ್ತು ತರುತ್ತಾರೆ. ಅದರಲ್ಲಿ ಇರುವುದು ಒಂದೇ ವಾಕ್ಯ: ಪಿಎಚ್‌ಪಿ ಸತ್ತಿದೆ. ಅವರು ರಜೆ ಮುಗಿಸಿ ರೈಲು ಹತ್ತುತ್ತಾರೆ. ಆ ವಾಕ್ಯ ಇಲ್ಲಿಯೇ ಉಳಿಯುತ್ತದೆ. ಮರುದಿನ ಸಂಜೆ ನನ್ನ ಮನೆಯ ಪಡಸಾಲೆಗೆ ಗಣಕ ಕಲಿಯಲು ಬರುವ ಹುಡುಗರು, "ಸರ್, ಅದು ಸತ್ತು ಹೋಗ್ಯದಂತ್ರಿ, ನಾವು ಯಾಕ ಕಲೀಬೇಕು?" ಎಂದು ಕೇಳುತ್ತಾರೆ.

ನಾನು ಗಣಿತದ ಮೇಷ್ಟ್ರು. ಸತ್ತಿದೆ ಎನ್ನುವವರು ಹೆಣವನ್ನು ತೋರಿಸಬೇಕು. ಸರ್ವರಿನಲ್ಲಿ ಯಾವ ಭಾಷೆ ಓಡುತ್ತಿದೆಯೆಂದು ತಿಳಿದುಬಂದಿರುವ ಜಾಲತಾಣಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಇಂದಿಗೂ ಪಿಎಚ್‌ಪಿಯವೇ ಎಂದು ಜಾಲತಾಣಗಳ ಗಣತಿ ಮಾಡುವವರು ಹೇಳುತ್ತಾರೆ. ಈ ಸಂಖ್ಯೆಯನ್ನು ಹಿಡಿದು ನಾನು ಕುಣಿಯುವುದಿಲ್ಲ; ಅದರಲ್ಲಿ ಬಹುಪಾಲು ವರ್ಡ್‌ಪ್ರೆಸ್ಸಿನದು, ಪಾಳುಬಿದ್ದ ಮನೆಗಳೂ ಆ ಲೆಕ್ಕದಲ್ಲಿ ಸೇರಿವೆ. ಆದರೂ 2003ರ ಜೂನ್‌ನಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ನಿಂತಿರುವುದು ಮೀಡಿಯಾವಿಕಿ ಎಂಬ ಪಿಎಚ್‌ಪಿ ತಂತ್ರಾಂಶದ ಮೇಲೆ. 2005ರಲ್ಲಿ ಕನ್ನಡಿಗರನ್ನು ಒಂದೆಡೆ ಕಲೆಹಾಕಿದ 'ಸಂಪದ' ದ್ರುಪಾಲ್ ಬಳಸಿತು, ಅದೂ ಪಿಎಚ್‌ಪಿಯೇ. ಹೈಸ್ಕೂಲಿನ ನಿವೃತ್ತ ಮೇಷ್ಟ್ರೊಬ್ಬ ಯಾರ ಅಪ್ಪಣೆಯನ್ನೂ ಕೇಳದೆ ತನ್ನ ಬರಹವನ್ನು ಲೋಕಕ್ಕೆ ಕಾಣಿಸುವ ಅನುಕೂಲ ಬಂದದ್ದು ಹೀಗೆ. ಇಷ್ಟು ಉಪಕಾರ ಮಾಡಿದ ಭಾಷೆಗೆ ಬದುಕಿರುವಾಗಲೇ ತಿಥಿ ಮಾಡುವುದೇಕೆ?

ಅದರ ಹುಟ್ಟನ್ನು ಸ್ವಲ್ಪ ನೋಡೋಣ. ಗ್ರೀನ್‌ಲ್ಯಾಂಡಿನಲ್ಲಿ ಹುಟ್ಟಿದ ರಾಸ್ಮಸ್ ಲೆರ್ಡಾರ್ಫ್ ಎಂಬವರು ಜಾಲದಲ್ಲಿಟ್ಟಿದ್ದ ತಮ್ಮ ಸ್ವವಿವರವನ್ನು ಯಾರು ಯಾರು ನೋಡುತ್ತಾರೆಂದು ತಿಳಿಯಲು ಸಿ ಭಾಷೆಯಲ್ಲಿ ಕೆಲವು ಸಣ್ಣ ಸಲಕರಣೆಗಳನ್ನು ಬರೆದುಕೊಂಡರು. 1995ರ ಜೂನ್‌ನಲ್ಲಿ ಅವನ್ನು ಎಲ್ಲರಿಗೂ ಕೊಟ್ಟರು. ಹೆಸರು 'ವೈಯಕ್ತಿಕ ಮುಖಪುಟದ ಸಲಕರಣೆಗಳು' ಎಂದಷ್ಟೇ. ಭಾಷೆಯೊಂದನ್ನು ಕಟ್ಟುವ ಹಂಬಲ ಅವರಿಗಿರಲಿಲ್ಲ. 1998ರ ಮೂರನೆಯ ಆವೃತ್ತಿಯನ್ನು ಇಸ್ರೇಲಿನ ಇಬ್ಬರು ವಿದ್ಯಾರ್ಥಿಗಳು, ಆಂಡಿ ಗುಟ್ಮನ್ಸ್ ಮತ್ತು ಜೀವ್ ಸುರಾಸ್ಕಿ, ಬುಡದಿಂದ ಹೊಸದಾಗಿ ಬರೆದರು. 2000ದಲ್ಲಿ ನಾಲ್ಕು, 2004ರಲ್ಲಿ ಐದು. ಈ ಭಾಷೆಗೆ ಶಾಸ್ತ್ರೋಕ್ತವಾದ ವ್ಯಾಕರಣ ಗ್ರಂಥವೆಂಬುದು ಬಹುಕಾಲ ಇರಲೇ ಇಲ್ಲ. ಅಂಥದೊಂದು ಕರಡನ್ನು 2014ರಲ್ಲಿ, ಅಂದರೆ ಹುಟ್ಟಿ 19 ವರ್ಷಗಳಾದ ಮೇಲೆ, ಫೇಸ್‌ಬುಕ್ ಸಂಸ್ಥೆ ಮುಂದಿಟ್ಟಿತು.

ಇದನ್ನು ಹೇಳಿ ನಗುವ ಪಂಡಿತರಿದ್ದಾರೆ. ಕನ್ನಡ ಓದಿದವರು ಈ ನಗೆಗೆ ದನಿಗೂಡಿಸುವುದು ನನಗೆ ಸೋಜಿಗ. ಹಲ್ಮಿಡಿ ಶಾಸನದ ಕಾಲ ಸುಮಾರು 450. ಕೇಶಿರಾಜ 'ಶಬ್ದಮಣಿದರ್ಪಣ' ಬರೆದದ್ದು 13ನೆಯ ಶತಮಾನದಲ್ಲಿ. ಕನ್ನಡದಲ್ಲಿಯೇ ಕನ್ನಡಕ್ಕೊಂದು ಸಮಗ್ರ ವ್ಯಾಕರಣ ದೊರೆಯುವ ವೇಳೆಗೆ ಜನ ಎಂಟು ಶತಮಾನಗಳಿಂದ ಕಲ್ಲಿನ ಮೇಲೆ ಬರೆಯುತ್ತಲೇ ಇದ್ದರು. ನಮ್ಮ ಜಿಲ್ಲೆಯ ಗಡಿಯಾಚೆ ಅನತಿ ದೂರದಲ್ಲಿರುವ ಮಳಖೇಡದ ರಾಷ್ಟ್ರಕೂಟರ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವು ಕನ್ನಡದ ಒಳನುಡಿಗಳು ಒಂದರಂತೆ ಒಂದಿಲ್ಲ ಎಂಬುದನ್ನು ಒಂಬತ್ತನೆಯ ಶತಮಾನದಲ್ಲೇ ಗುರುತಿಸಿತ್ತು.

ಪಿಎಚ್‌ಪಿಯಲ್ಲಿ ಅಂದಗೆಟ್ಟ ಸಂಗತಿಗಳು ಹೇರಳ. ಒಂದು ಕ್ರಿಯೆಗೆ ಹುಡುಕುವ ವಸ್ತುವನ್ನು ಮೊದಲು ಕೊಡಬೇಕು, ಇನ್ನೊಂದಕ್ಕೆ ಹುಡುಕುವ ಜಾಗವನ್ನು ಮೊದಲು ಕೊಡಬೇಕು. ಕ್ರಿಯೆಗಳ ಹೆಸರುಗಳು ಕೆಲವು ಗಿಡ್ಡ, ಕೆಲವು ಮಾರುದ್ದ. ಆರಂಭದ ದಿನಗಳಲ್ಲಿ ಹೆಸರಿನ ಉದ್ದವನ್ನೇ ಆಧಾರವಾಗಿಟ್ಟುಕೊಂಡು ಅವನ್ನು ವಿಂಗಡಿಸುತ್ತಿದ್ದುದರಿಂದ, ಬೇರೆ ಬೇರೆ ಉದ್ದದ ಹೆಸರುಗಳು ಬೇಕಾಗಿದ್ದವೆಂದು ಲೆರ್ಡಾರ್ಫರೇ ಮುಂದೆ ಹೇಳಿದ್ದುಂಟು. ಎರಡು ಬಾರಿಯ ಎರಡು ಚುಕ್ಕೆ, ಅಂದರೆ '::' ಎಂಬ ಚಿಹ್ನೆ ತಪ್ಪಾದ ಜಾಗದಲ್ಲಿ ಬಿದ್ದರೆ, ಎಂಟನೆಯ ಆವೃತ್ತಿ ಬರುವವರೆಗೂ 'ಪಾಮಾಯಿಮ್ ನೆಕುಡೋತಾಯಿಮ್' ಎಂಬ ಹೀಬ್ರೂ ಹೆಸರಿನ ದೋಷಸೂಚನೆ ಬರುತ್ತಿತ್ತು. ಜಗತ್ತಿನ ಹುಡುಗರೆಲ್ಲ ಇದೇನು ಮಂತ್ರವೆಂದು ಗಾಬರಿಯಾಗುತ್ತಿದ್ದರು. ನನಗೇನೋ ಅದು ಖುಷಿಯ ಸಂಗತಿ. ಆ ಇಬ್ಬರು ಹುಡುಗರು ತಮ್ಮ ತಾಯ್ನುಡಿಯ ಒಂದು ಮಾತನ್ನು ನಾಚಿಕೆಪಡದೆ ಒಳಗಿಟ್ಟರು. ನಮ್ಮವರಾಗಿದ್ದರೆ ಇಡುತ್ತಿದ್ದರೇ?

ಸುರಪುರ ಶಹಾಪುರಗಳ ಮಾತನ್ನು ಕೇಳಿ ಮೈಸೂರು ಕಡೆಯವರು ನಕ್ಕದ್ದನ್ನು ನಾನು ತರಬೇತಿ ಶಿಬಿರಗಳಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಪಿಎಚ್‌ಪಿಯ ಬಗೆಗಿನ ನಗೆ ಅದೇ ಜಾತಿಯದು. ಸಂತೆಯಲ್ಲಿ ಬೆಳೆದ ಭಾಷೆ ಸಂತೆಯ ಹಾಗೆಯೇ ಇರುತ್ತದೆ. ಮುಖ್ಯವಾದುದು ಅದು ತನ್ನ ತಪ್ಪುಗಳನ್ನು ತಿದ್ದಿಕೊಂಡಿತೇ ಎಂಬುದು. ತಿದ್ದಿಕೊಂಡಿದೆ. ಹೊರಗಿನವನು ಕಳಿಸಿದ ಹೆಸರೇ ಒಳಗಿನ ಚರಾಕ್ಷರವಾಗಿಬಿಡುವ ಅಪಾಯದ ಏರ್ಪಾಡೊಂದಿತ್ತು. 2002ರಲ್ಲಿ ಅದನ್ನು ತಾನಾಗಿ ಚಾಲೂ ಆಗದಂತೆ ಮಾಡಿ, 2012ರಲ್ಲಿ ಪೂರ್ತಿ ಕಿತ್ತುಹಾಕಿದರು. 2015ರ ಡಿಸೆಂಬರಿನಲ್ಲಿ ಬಂದ ಏಳನೆಯ ಆವೃತ್ತಿ ವೇಗವನ್ನು ಅನೇಕ ಕಡೆ ಇಮ್ಮಡಿಯಾಗಿಸಿತು. 2020ರ ನವೆಂಬರಿನ ಎಂಟನೆಯ ಆವೃತ್ತಿ ಇನ್ನೊಂದು ಹಳೆಯ ಪಾಪವನ್ನು ತೊಳೆಯಿತು. ಅದಕ್ಕೆ ಮುಂಚೆ ಸೊನ್ನೆಯನ್ನು ಯಾವುದಾದರೂ ಪದದೊಂದಿಗೆ ಸಡಿಲವಾಗಿ ಹೋಲಿಸಿದರೆ, ಆ ಪದ ಅಂಕಿಯಿಂದ ಆರಂಭವಾಗದಿದ್ದಲ್ಲಿ, ಎರಡೂ ಸಮವೆಂದೇ ಉತ್ತರ ಬರುತ್ತಿತ್ತು. ಅಂದರೆ 2020ರವರೆಗೆ ಪಿಎಚ್‌ಪಿಯ ಲೆಕ್ಕದಲ್ಲಿ 'ಯಾದಗಿರಿ' ಎಂದರೂ ಒಂದೇ, ಸೊನ್ನೆ ಎಂದರೂ ಒಂದೇ! 2011ರ ಜನಗಣತಿಯಲ್ಲಿ ನೂರಕ್ಕೆ 51.83ರ ಸಾಕ್ಷರತೆಯೊಡನೆ ರಾಜ್ಯದ ಕಟ್ಟಕಡೆಗೆ ನಿಂತ, 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಮತ್ತೆ ಕಡೆಯಾದ ಜಿಲ್ಲೆಯವರಾದ ನಮಗೆ ಆ ಉತ್ತರ ಅಪರಿಚಿತವೇನಲ್ಲ. ಆದರೆ ಪಿಎಚ್‌ಪಿ ಅದನ್ನು ತಿದ್ದಿಕೊಂಡಿತು.

ಹಾಗಿದ್ದರೆ ನಮ್ಮ ಹುಡುಗರಿಗೆ ಅದು ಸತ್ತಂತೆ ಕಾಣುವುದೇಕೆ? ಇಲ್ಲಿ ನಾನು ಅಧ್ಯಾಪಕ ಬಂಧುಗಳೊಡನೆ ಸ್ವಲ್ಪ ನಿಷ್ಠುರವಾಗಬೇಕಾಗಿದೆ. ಪದವಿ ತರಗತಿಯ ಹುಡುಗನೊಬ್ಬ ತನ್ನ ಕಾಲೇಜಿನ ನೋಟ್ಸನ್ನು ನನಗೆ ತಂದು ತೋರಿಸಿದ. ನೆರಳಚ್ಚಿನ ನೆರಳಚ್ಚು. ಮೈಎಸ್‌ಕ್ಯೂಎಲ್ ದತ್ತಸಂಚಯವನ್ನು ಸಂಪರ್ಕಿಸಲು ಅದರಲ್ಲಿ ಕೊಟ್ಟಿರುವ ಕ್ರಿಯೆಗಳನ್ನು ಬಳಸಬೇಡಿರೆಂದು 2013ರಲ್ಲೇ ಎಚ್ಚರಿಸಿ, 2015ರ ಏಳನೆಯ ಆವೃತ್ತಿಯಲ್ಲಿ ಭಾಷೆಯಿಂದಲೇ ತೆಗೆದುಹಾಕಿದ್ದಾರೆ. ಹುಡುಗ ಅದನ್ನು ಅಕ್ಷರಶಃ ಬಾಯಿಪಾಠ ಮಾಡಿದ್ದ. ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತು ಬಂದವು. ಮನೆಯಲ್ಲಿ ಇಂದಿನ ಆವೃತ್ತಿಯ ಮೇಲೆ ಓಡಿಸಿದರೆ ಮೊದಲ ಸಾಲಿನಲ್ಲೇ ಮುಗ್ಗರಿಸಿತು. ಅವನು ತೀರ್ಮಾನಿಸಿದ: ಪಿಎಚ್‌ಪಿ ಸತ್ತಿದೆ.

ಸತ್ತದ್ದು ಆ ನೋಟ್ಸು. ಓಡದಿದ್ದುದೇ ಒಂದು ಲೆಕ್ಕದಲ್ಲಿ ಒಳ್ಳೆಯದಾಯಿತು. ಹಳೆಯ ಸರ್ವರಿನಲ್ಲಿ ಅದು ಓಡುತ್ತದೆ, ಮತ್ತು ಬಳಕೆದಾರ ಟೈಪು ಮಾಡಿದ್ದನ್ನು ಹಾಗೆಯೇ ದತ್ತಸಂಚಯದ ಆಜ್ಞೆಯೊಳಗೆ ಅಂಟಿಸುತ್ತದೆ. ಶಹಾಪುರದ ಹತ್ತಿ ವ್ಯಾಪಾರಿಗೋ ಯಾದಗಿರಿಯ ಖಾಸಗಿ ಶಾಲೆಗೋ ಇಂಥ ಜಾಲತಾಣ ಮಾಡಿಕೊಟ್ಟರೆ, ಒಂದು ಉದ್ಧರಣ ಚಿಹ್ನೆಯ ಕೈಚಳಕದಿಂದ ಅವರ ಲೆಕ್ಕಪತ್ರವೆಲ್ಲ ಪರರ ಪಾಲಾಗುತ್ತದೆ. ಆಗ ಬೈಗುಳ ತಿನ್ನುವವನು ಅದೇ ಹುಡುಗ. ನೋಟ್ಸು ಕೊಟ್ಟವರನ್ನು ಯಾರೂ ಕೇಳುವುದಿಲ್ಲ. ಬೆಂಗಳೂರಿನ ಸಂದರ್ಶನದಲ್ಲಿ ಇದೇ ಉತ್ತರ ಕೊಟ್ಟರೆ ಐದು ನಿಮಿಷದಲ್ಲಿ ಹೊರಗೆ ಕಳಿಸುತ್ತಾರೆ. 371(ಜೆ) ವಿಧಿ ನಮ್ಮ ಮಕ್ಕಳಿಗೆ ಸೀಟುಗಳನ್ನೂ ಸರ್ಕಾರಿ ಹುದ್ದೆಗಳಲ್ಲಿ ಪಾಲನ್ನೂ ಕೊಟ್ಟಿದೆ, ನಿಜ. ತರಗತಿಯಲ್ಲಿ ಕೊಡುವ ಸರಕು ಹತ್ತು ವರ್ಷ ಹಳಸಿದ್ದರೆ ಸಂವಿಧಾನದ ತಿದ್ದುಪಡಿ ಏನು ಮಾಡೀತು?

ಇಷ್ಟು ಹೇಳಿದೆನೆಂದು ಪಿಎಚ್‌ಪಿಯ ಭಕ್ತರು ನನಗೆ ಹಾರ ಹಾಕಲು ಬರಬಾರದು. ಅವರೊಡನೆಯೂ ನನಗೆ ಜಗಳವಿದೆ. ಅದು ಅಕ್ಷರದ ಜಗಳ.

ಪಿಎಚ್‌ಪಿಯಲ್ಲಿ ಪದವೊಂದರ ಉದ್ದವನ್ನು ಅಳೆಯುವ ಮೂಲ ಕ್ರಿಯೆ 'ಸ್ಟ್ರ್‌ಲೆನ್'. ಅದಕ್ಕೆ 'ಯಾದಗಿರಿ' ಎಂದು ಕೊಟ್ಟು ನೋಡಿ. ಉತ್ತರ 21. ಒಂದನೆಯ ತರಗತಿಯ ಮಗುವನ್ನು ಕೇಳಿ. ಯಾ, ದ, ಗಿ, ರಿ ಎಂದು ಬೆರಳು ಮಡಚಿ ನಾಲ್ಕು ಎನ್ನುತ್ತದೆ. ಯೂನಿಕೋಡಿನಲ್ಲಿ ಆ ಪದಕ್ಕೆ ಏಳು ಸಂಕೇತಗಳು, ಯುಟಿಎಫ್-8 ಪದ್ಧತಿಯಲ್ಲಿ ಪ್ರತಿಯೊಂದು ಕನ್ನಡ ಸಂಕೇತಕ್ಕೆ ಮೂರು ಬೈಟು. ಏಳು ಮೂರಲೆ ಇಪ್ಪತ್ತೊಂದು. ಪಿಎಚ್‌ಪಿಗೆ ಕಾಣುವುದು ಬೈಟು ಮಾತ್ರ. ಸುದ್ದಿಯ ಮೊದಲ ನೂರು ಅಕ್ಷರ ಕತ್ತರಿಸಿ ತೋರಿಸೆಂದರೆ ಅದು ನೂರು ಬೈಟಿಗೆ ಕೊಡಲಿ ಹಾಕುತ್ತದೆ. ನೂರು ಮೂರರಿಂದ ಭಾಗವಾಗುವುದಿಲ್ಲವಾದ್ದರಿಂದ ಕಡೆಯ ಕನ್ನಡ ಅಕ್ಷರ ತುಂಡಾಗಿ, ಆ ಜಾಗದಲ್ಲಿ ಕಪ್ಪು ವಜ್ರದೊಳಗೊಂದು ಪ್ರಶ್ನಾರ್ಥಕ ಚಿಹ್ನೆ ಮೂಡುತ್ತದೆ. ಕನ್ನಡ ಜಾಲತಾಣಗಳಲ್ಲಿ ಇದನ್ನು ನೋಡದ ಓದುಗರಿಲ್ಲ.

ವಿಚಿತ್ರವೆಂದರೆ ಇದೇ ಕುರುಡಿನಿಂದ ನಮಗೊಂದು ಲಾಭವೂ ಆಗಿದೆ. ಇಂಗ್ಲಿಷಿನದಲ್ಲದ ಬೈಟುಗಳನ್ನು ಪಿಎಚ್‌ಪಿ ಹೆಸರುಗಳಲ್ಲಿ ಪ್ರಶ್ನಿಸದೆ ಒಪ್ಪಿಕೊಳ್ಳುವುದರಿಂದ, ಡಾಲರ್ ಚಿಹ್ನೆಯ ಮುಂದೆ 'ಹೆಸರು', 'ವಯಸ್ಸು', 'ಒಟ್ಟು' ಎಂದು ಕನ್ನಡದಲ್ಲೇ ಚರಾಕ್ಷರಗಳನ್ನು ಬರೆಯಬಹುದು. ನನ್ನ ಹುಡುಗರು ಹಾಗೆಯೇ ಬರೆಯುತ್ತಾರೆ, ಅದು ಓಡುತ್ತದೆ.

ಈ ಕುರುಡನ್ನು ವಾಸಿ ಮಾಡುವ ಪ್ರಯತ್ನ ನಡೆಯಲಿಲ್ಲವೆಂದಲ್ಲ. ಆರನೆಯ ಆವೃತ್ತಿಯ ಗುರಿಯೇ ಅದಾಗಿತ್ತು: ಯೂನಿಕೋಡನ್ನು ಭಾಷೆಯ ಗರ್ಭಗುಡಿಯೊಳಗೆ ಕೂಡಿಸುವುದು. ವರ್ಷಗಟ್ಟಲೆ ಕೆಲಸ ನಡೆಯಿತು. ಒಳಗೆಲ್ಲ ಯುಟಿಎಫ್-16 ಬಳಸಿದ್ದರಿಂದ ಸ್ಮೃತಿಯ ಖರ್ಚು ಹೆಚ್ಚಿತು, ಬಂದುಹೋಗುವಾಗಲೆಲ್ಲ ರೂಪಾಂತರದ ಹೊರೆ ಬಿತ್ತು, ದುಡಿಯುವ ಕೈಗಳು ಕಡಿಮೆಯಾದವು. 2010ರಲ್ಲಿ ಕೈಬಿಟ್ಟರು. ಆ ಬಾರದ ಆವೃತ್ತಿಯ ಹೆಸರಿನಲ್ಲಿ ಆಗಲೇ ಪುಸ್ತಕಗಳು ಅಚ್ಚಾಗಿ ಮಾರಾಟವಾಗಿದ್ದವು. ಮುಂದೆ ಐದರಿಂದ ನೇರವಾಗಿ ಏಳಕ್ಕೆ ಜಿಗಿದರು. ಪಿಎಚ್‌ಪಿಯ ಇತಿಹಾಸ ಬರೆಯುವವರು ಆರನ್ನು ತಮಾಷೆಯಾಗಿ ನೆನೆಯುತ್ತಾರೆ. ನನಗದು ತಮಾಷೆಯಲ್ಲ. ಕನ್ನಡಕ್ಕೆ ಮೀಸಲಾಗಬಹುದಾಗಿದ್ದ ಮನೆಯೇ ಆ ಆರು.

ಪರಿಹಾರವಾಗಿ ಉಳಿದದ್ದು ವಿಸ್ತರಣೆಗಳು. 'ಎಂಬಿ-ಸ್ಟ್ರಿಂಗ್' ಹಾಕಿಕೊಂಡರೆ ಯಾದಗಿರಿಯ ಉದ್ದ ಏಳಾಗುತ್ತದೆ. 'ಇಂಟ್ಲ್' ಹಾಕಿಕೊಂಡರೆ ನಾಲ್ಕೆಂಬ ಸರಿಯುತ್ತರ ಬರುತ್ತದೆ. 2024ರ ನವೆಂಬರಿನ 8.4ರಲ್ಲಿ ಪದವನ್ನು ಅಕ್ಷರಗಳಾಗಿ ಬಿಡಿಸುವ ಕ್ರಿಯೆಯೊಂದು ಸೇರಿದೆ, ಒಳ್ಳೆಯದು. ಆದರೆ ಇವೆರಡೂ ಮೂಲ ಭಾಷೆಯೊಡನೆ ತಾವಾಗಿಯೇ ಬರುವುದಿಲ್ಲ, ಬೇರೆಯಾಗಿ ಸೇರಿಸಿಕೊಳ್ಳಬೇಕು. ಇಂಗ್ಲಿಷಿನ ಲೆಕ್ಕ ಮನೆಯೊಳಗೆ, ಕನ್ನಡದ ಲೆಕ್ಕ ಹಿತ್ತಲಿನಲ್ಲಿ.

ಇನ್ನೂ ಒಂದು ಮಾತು. ಇದರಲ್ಲಿ ಪಿಎಚ್‌ಪಿಯ ತಪ್ಪಿಲ್ಲ, ನಮ್ಮದಿದೆ. 'ಅಕ್ಷರ' ಎಂಬ ಪದದಲ್ಲಿ ಎಷ್ಟು ಅಕ್ಷರ? ಮೂರು. ಯೂನಿಕೋಡಿನ ಹಳೆಯ ನಿಯಮದಂತೆ ಅದು ನಾಲ್ಕು, ಏಕೆಂದರೆ ಒತ್ತಕ್ಷರವನ್ನು ಅದು ಒಡೆದು ಎಣಿಸುತ್ತದೆ. 2023ರ 15.1ನೆಯ ಆವೃತ್ತಿಯಲ್ಲಿ ಈ ನಿಯಮವನ್ನು ತಿದ್ದಿ ಒತ್ತಕ್ಷರವನ್ನು ಒಂದಾಗಿ ಹಿಡಿದರು: ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳ ಲಿಪಿಗಳಿಗೆ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಗುರುಮಠಕಲ್ ದಾಟಿ ತೆಲಂಗಾಣ ಹೊಕ್ಕರೆ ಒತ್ತಕ್ಷರಕ್ಕೆ ಒಂದು ಲೆಕ್ಕ, ಈಚೆಗೆ ಬಂದರೆ ಇನ್ನೊಂದು. ರಾಜ್ಯೋತ್ಸವದಲ್ಲಿ ಬಾವುಟ ಏರಿಸುವ ಕೈಗಳಿಗೆ ಬರವಿಲ್ಲ; ಇಂಥ ಪಟ್ಟಿ ಸಿದ್ಧವಾಗುವಾಗ ಪತ್ರ ಬರೆಯುವ ಕೈಗಳಿಗೆ ಬರ.

ಭವಿಷ್ಯವೇನೆಂದು ಕೇಳುವವರಿಗೆ ನನ್ನ ಉತ್ತರ ಇಷ್ಟು. ಈ ಭಾಷೆ ಎಷ್ಟು ಕಡಿಮೆ ಜನರ ಹೆಗಲ ಮೇಲಿದೆ ಎಂಬುದು 2021ರಲ್ಲಿ ಎಲ್ಲರಿಗೂ ಅರಿವಾಯಿತು. ಬಹುದೊಡ್ಡ ಹೊರೆ ಹೊತ್ತಿದ್ದ ನಿಕಿತಾ ಪೊಪೊವ್ ಬೇರೆ ಕೆಲಸಕ್ಕೆ ಹೋಗುವೆನೆಂದಾಗ, ಕೆಲವು ಕಂಪನಿಗಳು ಸೇರಿ ಆ ನವೆಂಬರಿನಲ್ಲಿ ಪಿಎಚ್‌ಪಿ ಪ್ರತಿಷ್ಠಾನವನ್ನು ಹುಟ್ಟುಹಾಕಿ, ಬೆರಳೆಣಿಕೆಯ ತಜ್ಞರಿಗೆ ಸಂಬಳದ ವ್ಯವಸ್ಥೆ ಮಾಡಿದವು. ಅಲ್ಲಿ ದುಡಿಯುವವರ ತಾಯ್ನುಡಿಗಳ ಕಷ್ಟಗಳು ಬೇಗ ಪರಿಹಾರವಾಗುತ್ತವೆ. ಜಪಾನಿಗರು ತಮ್ಮ ಲಿಪಿಗಾಗಿ ತಾವೇ ಬೆವರು ಹರಿಸಿದ್ದರಿಂದಲೇ ಎಂಬಿ-ಸ್ಟ್ರಿಂಗ್ ಎಂಬುದು ಹುಟ್ಟಿತು. ಕನ್ನಡದ ಹುಡುಗರು ಸತ್ತಿತೆಂದು ಮುಖ ತಿರುಗಿಸಿದರೆ ಕನ್ನಡದ ಕಷ್ಟವನ್ನು ಅಲ್ಲಿ ಹೇಳುವವರಾರು?

ಪಿಎಚ್‌ಪಿಯ ಅಧಿಕೃತ ಕೈಪಿಡಿ ಜಪಾನಿ, ಟರ್ಕಿ, ಉಕ್ರೇನಿ ಭಾಷೆಗಳಲ್ಲೆಲ್ಲ ಸಿಗುತ್ತದೆ. ಭಾರತದ ಒಂದು ಭಾಷೆಯಲ್ಲೂ ಇಲ್ಲ. ಪಡಸಾಲೆಯ ಐದು ಜನ ಹುಡುಗರೊಡನೆ ಅದರ ಪದಗಳ ಅಧ್ಯಾಯವನ್ನು ಕನ್ನಡಕ್ಕೆ ತರಲು ಕುಳಿತಿದ್ದೇನೆ. 'ಸ್ಟ್ರಿಂಗ್' ಎಂಬುದಕ್ಕೆ ಏನೆನ್ನಬೇಕೆಂಬಲ್ಲಿಯೇ ಎರಡು ಸಂಜೆ ಕಳೆದವು. 'ಅಕ್ಷರಸಾಲು' ಎಂದು ನಾನೆಂದೆ. ಶಹಾಪುರದಿಂದ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳು, ಅದು ಅಕ್ಷರವನ್ನು ಎಣಿಸುವುದೇ ಇಲ್ಲವಲ್ಲ, ಹಾಗೆನ್ನುವುದು ಸುಳ್ಳಾಗುತ್ತದೆ ಎಂದಳು. ಸದ್ಯಕ್ಕೆ 'ಬೈಟ್‌ಸಾಲು' ಎಂದೇ ಬರೆದು ಮುಂದಿನ ಪುಟಕ್ಕೆ ಹೋಗಿದ್ದೇವೆ.