ಟ್ರೌಟ್ ಮೀನೂ ತೋಟದ ಕೆರೆಯೂ

ಊಟಿಗೆ ಹೋಗಿಬಂದ ವಿದ್ಯಾರ್ಥಿಯೊಬ್ಬ, "ಸಾರ್, ನಮ್ಮ ತೋಟದ ಕೆರೆಗೂ ಟ್ರೌಟ್ ಬಿಡಬಹುದೇ?" ಎಂದು ಕೇಳಿದ್ದಾನೆ. ಬಿಡಬಹುದು, ಬದುಕುವುದು ಕಷ್ಟ. 10 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರಿನಲ್ಲಿ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಿದರೆ, 25 ಡಿಗ್ರಿಯಲ್ಲಿ ಕರಗುವುದು 8 ಮಾತ್ರ. ನೀಲಗಿರಿಯ ಅವಲಾಂಚೆಯ ಚಳಿ ನಮ್ಮ ಕೆರೆಗಳಿಗಿಲ್ಲ.

ಟ್ರೌಟ್ ಗಾಳಕ್ಕೆ ಎರೆಹುಳು ಬೇಡ; ಗರಿ, ನೂಲು ಸುತ್ತಿದ 'ಫ್ಲೈ' ಎಂಬ ಕೃತಕ ಹುಳು ಸಾಕು. ಹೊಳೆಯಲ್ಲಿ ಮೀನು ಒಂದೆಡೆ ನಿಂತು, ತೇಲಿಬರುವ ಆಹಾರಕ್ಕೆ ಕಾಯುತ್ತದೆ. ನಿಂತ ನೀರಿನಲ್ಲಿ ತಾನೇ ಸುತ್ತಾಡಿ ಹುಡುಕಬೇಕು. ಆದ್ದರಿಂದ ಗಾಳದವನು ಆ ಕೆರೆಯಲ್ಲಿ ಯಾವ ಹುಳುವಿದೆಯೆಂದು ಮೊದಲು ನೋಡುತ್ತಾನೆ. ತಳದಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿಗಳಿದ್ದರೆ, ಕಂದು ಫ್ಲೈ ಮುಳುಗಿಸಿ ಮೆಲ್ಲಗೆ ಎಳೆಯುತ್ತಾನೆ. ಇಷ್ಟು ಜೀವಶಾಸ್ತ್ರ ನಮ್ಮ ಪಠ್ಯದಲ್ಲೂ ಇಲ್ಲ!

ಟ್ರೌಟ್ ಹೊರಗಿನಿಂದ ಬಂದದ್ದು. ಕಾವೇರಿಯದೇ ಆದ ಡುಬ್ಬ ಬೆನ್ನಿನ ಮಹಶೀರ್ ಮಾತ್ರ 2018ರಲ್ಲಿ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅಳಿವಿನ ಅಂಚಿಗೆ ಬಂದು ನಿಂತಿದೆ. ಪೋಷಕರೇ, ಕಾಫಿ ಪಲ್ಪಿಂಗ್ ನೀರು ತೋಡಿಗೆ ಸೇರಿದರೆ, ಅದರ ಸಕ್ಕರೆಯನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ಮೀನಿನ ಪಾಲಿನ ಆಮ್ಲಜನಕವನ್ನೂ ಮುಗಿಸುತ್ತವೆ. ಕೊಯ್ಲಿಗೆ ಮೊದಲು, ನಿಮ್ಮ ಪಲ್ಪರ್‌ನ ನೀರು ಎಲ್ಲಿಗೆ ಹೋಗುತ್ತದೆಂದು ಮಕ್ಕಳೊಡನೆ ನಡೆದು ನೋಡಿಬನ್ನಿ.