ಹೆಡ್‌ಲೈಟ್ ಬಲ್ಬಿಗೇಕೆ ಇಷ್ಟು ಮಡಿ?

ಮನೆಯ ಬಲ್ಬು ಸುಟ್ಟುಹೋದರೆ ಹೊಸದನ್ನು ಕೈಯಲ್ಲಿ ಹಿಡಿದು ಹೋಲ್ಡರಿಗೆ ಸಿಕ್ಕಿಸಿದರಾಯಿತು. ಆದರೆ ಕಾರು, ಬೈಕುಗಳ ಹ್ಯಾಲೊಜನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು ಎನ್ನುತ್ತಾರೆ. ಇದಕ್ಕೇಕೆ ಇಷ್ಟು ಮಡಿ?

ಹಳೆಯ ಬಗೆಯ ಬಲ್ಬಿನಲ್ಲಿ ಕಾದು ಬೆಳಗುವ ಟಂಗ್‌ಸ್ಟನ್ ತಂತಿ ಸ್ವಲ್ಪ ಸ್ವಲ್ಪವೇ ಆವಿಯಾಗುತ್ತದೆ. ಆ ಆವಿ ಗಾಜಿನ ಒಳಮೈಗೆ ಕೂತು ಬಲ್ಬು ಕಪ್ಪಾಗುತ್ತದೆ. ತಂತಿ ಸವೆದು ಕೊನೆಗೆ ತುಂಡಾಗುತ್ತದೆ. ಇದಕ್ಕೆ ಪರಿಹಾರವಾಗಿ ಬಂದದ್ದು ಹ್ಯಾಲೊಜನ್ ಬಲ್ಬು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಲ್ಮರ್ ಫ್ರಿಡ್ರಿಕ್ ಮತ್ತು ಎಮೆಟ್ ವೈಲಿ ಅವರಿಗೆ 1959ರಲ್ಲಿ ಇದರ ಪೇಟೆಂಟ್ ದೊರೆಯಿತು. ಇದರೊಳಗೆ ಅಯೊಡಿನ್ ಅಥವಾ ಬ್ರೋಮಿನ್‌ನಂಥ ಹ್ಯಾಲೊಜನ್ ಧಾತು ತುಸುವೇ ಇರುತ್ತದೆ. ಆವಿಯಾದ ಟಂಗ್‌ಸ್ಟನ್ ಅದರೊಡನೆ ಕೂಡಿಕೊಂಡು ಮತ್ತೆ ತಂತಿಯ ಬಳಿಗೆ ಬಂದು ಬೇರ್ಪಡುತ್ತದೆ. ಗಾಜು ಕಪ್ಪಾಗುವುದಿಲ್ಲ.

ಈ ಚಕ್ರ ನಡೆಯಬೇಕಾದರೆ ಗಾಜಿನ ಗೋಡೆ ಸುಮಾರು 250 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರಬೇಕು. ಆದ್ದರಿಂದಲೇ ಬಲ್ಬು ಅಷ್ಟು ಪುಟ್ಟದು. ಸಾಮಾನ್ಯ ಗಾಜು ಈ ಕಾವನ್ನು ತಾಳದು. ಕ್ವಾರ್ಟ್ಜ್ ಅಥವಾ ಕಾವು ತಡೆಯುವ ಗಟ್ಟಿ ಗಾಜೇ ಬೇಕು. ಉರಿಯುವಾಗ ಒಳಗಿನ ಅನಿಲದ ಒತ್ತಡವೂ ಹೊರಗಿನ ಗಾಳಿಯದಕ್ಕಿಂತ ಹಲವು ಪಟ್ಟು ಹೆಚ್ಚು.

ಬೆರಳಿನಲ್ಲಿ ಬೆವರಿನ ಉಪ್ಪು, ಚರ್ಮದ ಜಿಡ್ಡು ಎರಡೂ ಇರುತ್ತವೆ. ಬಲ್ಬು ಕಾದಾಗ ಜಿಡ್ಡು ಸುಟ್ಟು ಕಲೆಯಾಗುತ್ತದೆ. ಆ ಜಾಗ ಉಳಿದ ಭಾಗಕ್ಕಿಂತ ಹೆಚ್ಚು ಕಾಯುತ್ತದೆ. ಉಪ್ಪಿನ ಸೋಡಿಯಂ ತಗುಲಿದಲ್ಲಿ ಕ್ವಾರ್ಟ್ಜ್ ಹರಳುಗಟ್ಟಿ ಮಬ್ಬಾಗಿ ಬಲ ಕಳೆದುಕೊಳ್ಳುತ್ತದೆ. ಬಲ್ಬು ಬೇಗ ಹಾಳಾಗಬಹುದು, ಕೆಲವೊಮ್ಮೆ ಸಿಡಿಯಲೂಬಹುದು.

ನಷ್ಟ ಬಲ್ಬಿನ ಬೆಲೆಯಷ್ಟೇ ಅಲ್ಲ. ರಾತ್ರಿ ಹೆದ್ದಾರಿಯಲ್ಲಿ ಒಂದೇ ದೀಪ ಉರಿಸಿಕೊಂಡು ಬರುವ ಲಾರಿ ಎದುರಿನವರ ಕಣ್ಣಿಗೆ ಬೈಕಿನಂತೆ ಕಾಣುತ್ತದೆ. ಪಕ್ಕದಲ್ಲಿ ಜಾಗವಿದೆ ಎಂದು ನುಗ್ಗಿದವರ ಗತಿ ಏನು?

ಬಲ್ಬು ಬದಲಿಸುವ ಮುನ್ನ ದೀಪ ಆರಿಸಿ, ಕೀಲಿ ತೆಗೆದು, ಹಳೆಯ ಬಲ್ಬು ಪೂರ್ತಿ ಆರುವ ತನಕ ಕಾಯಬೇಕು. ಹೊಸದನ್ನು ಲೋಹದ ಬುಡದಲ್ಲಷ್ಟೇ ಹಿಡಿಯಬೇಕು; ಶುಭ್ರವಾದ ಕೈಚೀಲ ತೊಟ್ಟರೆ ಇನ್ನೂ ಒಳ್ಳೆಯದು. ಅಪ್ಪಿತಪ್ಪಿ ಗಾಜಿಗೆ ಬೆರಳು ತಾಗಿದರೆ ಬಲ್ಬನ್ನು ಎಸೆಯಬೇಕಿಲ್ಲ. ಔಷಧದ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲನ್ನು ನೂಲು ಬಿಡದ ಶುಭ್ರ ಬಟ್ಟೆಗೆ ಹಾಕಿ ಮೃದುವಾಗಿ ಒರೆಸಿ, ಚೆನ್ನಾಗಿ ಒಣಗಿದ ಮೇಲೆ ಕೂರಿಸಬೇಕು. ಅದು ಬೇಗ ಬೆಂಕಿ ಹತ್ತುವ ದ್ರವ. ಹತ್ತಿರ ಬೆಂಕಿ ಇರಬಾರದು. ಅಂಗಿಯ ತುದಿಯಿಂದ ಒರೆಸಿದರೆ ಜಿಡ್ಡು ಹರಡುತ್ತದೆಯೇ ಹೊರತು ಹೋಗುವುದಿಲ್ಲ. ಮಕ್ಕಳು ಈ ಕೆಲಸವನ್ನು ಹಿರಿಯರ ಜೊತೆಯಲ್ಲೇ ಮಾಡಬೇಕು.

ಎಲ್‌ಇಡಿ ದೀಪಗಳಿರುವ ಹೊಸ ವಾಹನಗಳಲ್ಲಿ ಈ ತಾಪತ್ರಯವಿಲ್ಲ. ಆದರೆ ಹ್ಯಾಲೊಜನ್ ಬಲ್ಬಿನ ಬೈಕು, ಕಾರು, ಲಾರಿಗಳು ರಸ್ತೆಯಲ್ಲಿ ಇನ್ನೂ ಬೇಕಾದಷ್ಟಿವೆ. ಅಲ್ಲಿಯವರೆಗೆ ಬಲ್ಬಿಗೆ ಈ ಮಡಿ ಇರಲಿ.