ಬೂದಿ ತೆಗೆಯುವ ಮುನ್ನ ಎರಡು ಪ್ರಶ್ನೆ

ಶಹಾಬಾದ ಎಂದೊಡನೆ ಬೆಟ್ಟದ ಸೀಮೆಯ ಓದುಗರಿಗೆ ನೆನಪಾಗುವುದು ಮನೆಯ ನೆಲಕ್ಕೆ ಹಾಸುವ ಕಲ್ಲು. ಆ ಕಲ್ಲು ಹುಟ್ಟಿದ ನೆಲ ಸುಣ್ಣದ ನೆಲ. ಅದರ ಸುಣ್ಣಕಲ್ಲನ್ನು ನೆಚ್ಚಿಯೇ ಶಹಾಬಾದ, ವಾಡಿ, ಸೇಡಂ, ಚಿತ್ತಾಪುರಗಳ ಸುತ್ತ ಸಿಮೆಂಟ್ ಕಾರ್ಖಾನೆಗಳು ಎದ್ದವು. ಇದೇ ಕಲಬುರಗಿ ಜಿಲ್ಲೆಯ ಇನ್ನೊಂದು ಅಂಚಿನಲ್ಲಿ ಚಿಂಚೋಳಿಯ ಗುಡ್ಡಗಳಿವೆ. ಅಲ್ಲಿನ ಒಣ ಕಾಡನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಅಲ್ಲಿ ಕೆಲವೆಡೆ ಮಣ್ಣು ಕೆಂಪು ಮುರಕಲ್ಲಿನದು. ಒಂದೇ ಜಿಲ್ಲೆಯ ಈ ಎರಡು ನೆಲಗಳನ್ನು ಮುಂದಿಟ್ಟುಕೊಂಡು, ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಕೆಲಸವನ್ನು ಕುರಿತು ಬರೆಯಬೇಕೆನಿಸಿದೆ. ಅದು ಇದ್ದಿಲು ಒಲೆಯ ಬೂದಿ ತೆಗೆಯುವ ಕೆಲಸ.

ಈ ಭಾಗದ ಮನೆಗಳಲ್ಲಿ ಶೆಗಡಿ ಹಳೆಯ ಪರಿಚಯ. ಈಗ ಪಟ್ಟಣದ ಊಟದ ಮನೆಗಳಿಗೂ ಬೆಟ್ಟದ ಹೋಮ್‌ಸ್ಟೇಗಳಿಗೂ ದಪ್ಪ ಗೋಡೆಯ ಸೆರಾಮಿಕ್ ಇದ್ದಿಲು ಒಲೆಗಳು ಬಂದಿವೆ. ರೂಪ ಬೇರೆಯಾದರೂ ನಡೆ ಒಂದೇ. ಕೆಳಗಿನ ಕಿಂಡಿಯಿಂದ ಗಾಳಿ ಒಳಬಂದು, ಜಾಲರಿಯ ಮೇಲಿನ ಕೆಂಡವನ್ನು ದಾಟಿ, ಮೇಲೆ ಹೊರಹೋಗುತ್ತದೆ. ಬೂದಿ ತುಂಬಿ ಕಿಂಡಿ ಮುಚ್ಚಿತೆಂದರೆ ಬೆಂಕಿ ಕುಂದುತ್ತದೆ. ಇದ್ದಿಲು ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹೆಚ್ಚುತ್ತದೆ. ಆದುದರಿಂದ ಬೂದಿ ತೆಗೆಯಲೇಬೇಕು. ತೆಗೆಯುವ ಕ್ರಮ ಕಠಿಣವಲ್ಲ. ಅಡಿಗೆ ಮುಗಿದ ಮೇಲೆ ಸೆರಾಮಿಕ್ ಒಲೆಯ ಮೇಲಿನ, ಕೆಳಗಿನ ಎರಡೂ ಕಿಂಡಿಗಳನ್ನು ಮುಚ್ಚಿದರೆ ಗಾಳಿಯಿಲ್ಲದೆ ಕೆಂಡ ತಾನೇ ಆರುತ್ತದೆ. ಮರುದಿನ ಬೂದಿಯನ್ನು ಜಾಲರಿಯಿಂದ ಕೆಳಕ್ಕೆ ಉದುರಿಸಿ, ಕಿಂಡಿಯ ಮೂಲಕ ಸಟ್ಟುಗದಿಂದ ಎಳೆದು, ತಗಡಿನ ಡಬ್ಬಿಗೆ ತುಂಬಬೇಕು. ಬಿಸಿ ಒಲೆಗೆ ನೀರು ಸುರಿದರೆ ಸುಟ್ಟ ಮಣ್ಣು ಬಿರುಕು ಬಿಡುತ್ತದೆ. ತಣ್ಣಗಿನ ಒಲೆಯನ್ನೂ ಸಾಬೂನಿನಿಂದ ತೊಳೆಯಬಾರದು, ಮಣ್ಣು ಅದನ್ನು ಹೀರಿಕೊಳ್ಳುತ್ತದೆ.

ಬೂದಿಯೊಡನೆ ಬರುವ ಕರಿಯ ತುಂಡುಗಳನ್ನು ಎಸೆಯುವವರೇ ಹೆಚ್ಚು. ಮಣ್ಣು ಮುಚ್ಚಿ ಸುಡುವ ಹಳೆಯ ಪದ್ಧತಿಯಲ್ಲಿ ಒಂದು ಕಿಲೋ ಇದ್ದಿಲಿಗೆ ಐದರಿಂದ ಹತ್ತು ಕಿಲೋ ಒಣ ಕಟ್ಟಿಗೆ ಬೇಕು. ಹಿಡಿ ಇದ್ದಿಲು ತಿಪ್ಪೆಗೆ ಹೋದಾಗ ಅದರ ಹತ್ತುಪಟ್ಟು ಕಟ್ಟಿಗೆಯೂ ಅದರೊಡನೆ ಹೋಗಬಹುದು. ಆ ತುಂಡುಗಳನ್ನು ಜಾಲಾಡಿ ಮರುದಿನದ ಬೆಂಕಿಗೆ ಇಡಬೇಕು.

ಇನ್ನು ಕಿಡಿಯ ಮಾತು. ಮೇಲೆ ತಣ್ಣಗೆ ಕಾಣುವ ಬೂದಿಯ ಒಳಗೆ ಕೆಂಡ ಎರಡು ಮೂರು ದಿನ ಜೀವಂತವಾಗಿರಬಲ್ಲದು, ಏಕೆಂದರೆ ಬೂದಿಯೇ ಅದಕ್ಕೆ ಹೊದಿಕೆ. ಹೆದ್ದಾರಿ ಬದಿಯ ಊಟದ ಮನೆಯೊಂದರ ಹಿಂದೆ ಬೆಳಗ್ಗೆ ಸುರಿದ ಬೂದಿಯಿಂದ ಮಧ್ಯಾಹ್ನದ ಗಾಳಿಗೆ ಒಣಹುಲ್ಲು ಹೊತ್ತಿಕೊಂಡುದನ್ನು ನಾವೇ ಕಂಡಿದ್ದೇವೆ. ಅಂದು ಅದು ರಸ್ತೆಯ ಅಂಚಿನಲ್ಲಿ ನಿಂತಿತು. ಎಲೆಯುದುರಿದ ಚಿಂಚೋಳಿಯ ಕಾಡಿನಂಚಿನಲ್ಲಿ ಚೈತ್ರದ ಬಿಸಿಲಿಗೆ ಹೀಗಾದರೆ ನಿಲ್ಲಿಸುವವರು ಯಾರು?

ಆರಿದ ಬೂದಿಯನ್ನು ಎಲ್ಲಿಗೆ ಒಯ್ಯಬೇಕು? 'ಬೂದಿ ಗೊಬ್ಬರವಲ್ಲವೇ, ಹೊಲಕ್ಕೆ ಹಾಕಿ' ಎಂದು ಪರಿಸರಾಸಕ್ತರಾದ ನಾವೇ ಎಷ್ಟೋ ಸಲ ಹೇಳಿದ್ದೇವೆ. ಆ ಮಾತು ಅರ್ಧಸತ್ಯವೆಂಬುದು ನಮ್ಮ ಅಭಿಪ್ರಾಯ. ಹಾಕುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ಇದು ಯಾವ ಬೆಂಕಿಯ ಬೂದಿ? ಇದು ಹೋಗುವುದು ಯಾವ ಮಣ್ಣಿಗೆ?

ತೊಗರಿ ಕಟ್ಟಿಗೆ, ಜಾಲಿ ಕಟ್ಟಿಗೆ, ಅವುಗಳ ಇದ್ದಿಲು, ಇವುಗಳ ಬೂದಿಯಲ್ಲಿ ಸುಣ್ಣದ ಅಂಶವೂ ಪೊಟ್ಯಾಶೂ ಇವೆ. ಪೊಟ್ಯಾಶ್ ಎಂಬ ಹೆಸರೇ ಬೂದಿಯ ನೀರನ್ನು ಮಡಕೆಯಲ್ಲಿ ಕುದಿಸಿ ಇಂಗಿಸುತ್ತಿದ್ದುದರಿಂದ ಬಂದುದು. ಕಲ್ಲಿದ್ದಲಿನ ಬೂದಿ ಹಾಗಲ್ಲ. ಒಳ್ಳೆಯ ಮರದ ಇದ್ದಿಲು ನೂರು ಕಿಲೋ ಉರಿದರೆ ಉಳಿಯುವ ಬೂದಿ ಸುಮಾರು ಮೂರು ಕಿಲೋ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ 30ರಿಂದ 45 ಕಿಲೋ. ಅದರಲ್ಲಿ ಸೀಸ, ಆರ್ಸೆನಿಕ್‌ನಂತಹ ಧಾತುಗಳು ಅಲ್ಪಸ್ವಲ್ಪ ಇರುತ್ತವೆ. ವಿದ್ಯುತ್ ಸ್ಥಾವರದ ಹಾರುಬೂದಿಗಾದರೆ ಸಿಮೆಂಟಿನಲ್ಲಿ ಜಾಗವಿದೆ. ಪೊಜೊಲಾನಾ ಸಿಮೆಂಟಿನಲ್ಲಿ ಅದು ಶೇಕಡ 15ರಿಂದ 35ರವರೆಗೆ ಇರಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ಶೆಗಡಿಯ ಕಲ್ಲಿದ್ದಲ ಬೂದಿಗೆ ಅಂತಹ ದಾರಿಯಿಲ್ಲ. ಅದನ್ನು ಕಾಯಿಪಲ್ಲೆಯ ಮಡಿಗೂ ಹಳ್ಳಕ್ಕೂ ಸುರಿಯಬಾರದು. ಹಳ್ಳಕ್ಕೆ ಸುರಿದುದು ಕಾಗಿಣಾ ನದಿಗೆ, ಅಲ್ಲಿಂದ ಭೀಮೆಗೆ ಸೇರುತ್ತದೆ.

ಎರಡನೆಯ ಪ್ರಶ್ನೆ ಮಣ್ಣಿನದು. ಮಳೆಗೆ ತೊಳೆದು ಹುಳಿಯಾದ ಬೆಟ್ಟದ ಕೆಂಪು ಮಣ್ಣಿಗೆ ಕಟ್ಟಿಗೆಯ ಬೂದಿ ಔಷಧವಿದ್ದಂತೆ. ಶಹಾಬಾದದ ಸುತ್ತಲಿನ ಕಪ್ಪು ಮಣ್ಣು ಮೊದಲೇ ಸುಣ್ಣದಿಂದ ಕ್ಷಾರೀಯ. ಅದಕ್ಕೆ ಮತ್ತೆ ಬೂದಿ ಸುರಿದರೆ ಸತು, ಕಬ್ಬಿಣದ ಅಂಶಗಳು ಬೆಳೆಗೆ ದಕ್ಕದೆ ಎಲೆ ಹಳದಿಯಾಗಬಹುದು. ಒಂದೇ ಬೂದಿ ಒಂದು ನೆಲಕ್ಕೆ ಉಪಕಾರ, ಇನ್ನೊಂದಕ್ಕೆ ಹೊರೆ. ಬೆಟ್ಟದಲ್ಲಿಯೂ ಮಿತಿ ಬೇಕು. ಗಿಡಕ್ಕೊಂದು ಹಿಡಿ, ಬುಡದಿಂದ ದೂರ, ವರ್ಷಕ್ಕೊಮ್ಮೆ ಸಾಕು. ಯೂರಿಯಾದೊಡನೆ ಬೆರೆಸಿದರೆ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ.

ಇದಿಷ್ಟು ಮನೆಯವರ ಹೊಣೆ. ಊಟದ ಮನೆ, ಹೋಮ್‌ಸ್ಟೇಗಳ ಹೊಣೆ ಇನ್ನೂ ದೊಡ್ಡದು. ಅವರು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕೊಡುವ ಬಿಸಿ ಬೂದಿಯನ್ನು ಕೈಯಿಂದ ಎತ್ತುವವರು ಪೌರಕಾರ್ಮಿಕರು. ಸುಡುವುದು ಅವರ ಕೈ, ಧೂಳು ಹೋಗುವುದು ಅವರ ಎದೆಗೆ. ಇದ್ದಿಲು ಒಲೆ ಇಟ್ಟುಕೊಂಡ ಪ್ರತಿಯೊಂದು ಅಂಗಡಿಯೂ ಮುಚ್ಚಳವುಳ್ಳ ಎರಡು ತಗಡಿನ ಡಬ್ಬಿಗಳನ್ನು, ಕಟ್ಟಿಗೆಯ ಬೂದಿಗೊಂದು, ಕಲ್ಲಿದ್ದಲ ಬೂದಿಗೊಂದು, ಇಟ್ಟು, ನಾಲ್ಕು ದಿನ ಆರಿಸಿದ ಬಳಿಕವೇ ಒಪ್ಪಿಸಬೇಕೆಂದು ಸ್ಥಳೀಯ ಸಂಸ್ಥೆಗಳು ನಿಯಮ ಮಾಡಲಿ. ಇದಕ್ಕೆ ಕೋಟಿಗಳ ಯೋಜನೆ ಬೇಕಿಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮ್ಮಿಂದಾಗುವ ಕೆಲಸವೂ ಇದೆ. ಆರಿದ ಬೂದಿಯನ್ನು ನೀರಿನಲ್ಲಿ ಕದಡಿ, ತಿಳಿಯನ್ನು ಅರಿಸಿನ ಬಳಿದ ಕಾಗದದ ಮೇಲೆ ಒಂದು ಹನಿ ಬಿಡಿ. ಕೆಂಪಾದರೆ ಅದರ ಕ್ಷಾರ ನಿಮಗೇ ತಿಳಿಯುತ್ತದೆ. ಶಿಕ್ಷಕರ ಸಮ್ಮುಖದಲ್ಲಿ ನಿಮ್ಮ ಹೊಲದ ಮಣ್ಣಿಗೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಹಾಕಿ ನೋಡಿ. ನೊರೆಗುಟ್ಟಿದರೆ ಅದು ಸುಣ್ಣದ ಮಣ್ಣು, ಬೂದಿ ಬೇಡ. ಕಂಡುದನ್ನು ಮನೆಯಲ್ಲಿ ಒಲೆಯ ಮುಂದೆ ಕೂರುವ ತಾಯಂದಿರಿಗೆ ತಿಳಿಸಿ, ಮತ್ತು ಬೂದಿ ತೆಗೆಯುವ ಕೆಲಸವನ್ನು ನಾಳೆಯಿಂದ ನೀವೇ ವಹಿಸಿಕೊಳ್ಳಿ.